ಬಫರ್‌ಗೆ ಹಾಕಿದ ಆಮ್ಲ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಾನು ಪ್ರಥಮ ಪಿಯುಸಿ ವಿದ್ಯಾರ್ಥಿನಿ. ಬಫರ್ ದ್ರಾವಣಕ್ಕೆ ಸ್ವಲ್ಪ ಆಮ್ಲವನ್ನೋ ಪ್ರತ್ಯಾಮ್ಲವನ್ನೋ ಹಾಕಿದರೆ ಪಿಎಚ್ ಬದಲಾಗುವುದಿಲ್ಲ ಎಂದು ಓದಿದ್ದೇನೆ. ಹಾಗಾದರೆ ಹಾಕಿದ ಆಮ್ಲ ಎಲ್ಲಿಗೆ ಹೋಯಿತು? ಅಸಿಟಿಕ್ ಆಮ್ಲ ಮತ್ತು ಸೋಡಿಯಂ ಅಸಿಟೇಟ್ ಸೇರಿದರೆ ಬಫರ್ ಆಗುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಉಪ್ಪು ಸೇರಿದರೆ ಯಾಕೆ ಆಗುವುದಿಲ್ಲ? ನೀರು ಬೆರೆಸಿದರೆ ಬಫರ್ ಕೆಟ್ಟುಹೋಗುತ್ತದಾ? ಹೆಂಡರ್ಸನ್ ಸೂತ್ರ ಬಾಯಿಪಾಠ ಇದೆ, ಆದರೂ ಲೆಕ್ಕ ತಪ್ಪುತ್ತದೆ.

ಉತ್ತರ: ನಿಮ್ಮ ಮೊದಲ ಪ್ರಶ್ನೆ ತುಂಬಾ ಚೆನ್ನಾಗಿದೆ. ಅದಕ್ಕೆ ಸರಿಯಾಗಿ ಉತ್ತರ ಸಿಕ್ಕರೆ ಉಳಿದ ಮೂರೂ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಹಾಗಾಗಿ ಸೂತ್ರವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಹಾಕಿದ ಆಮ್ಲದ ಹಿಂದೆ ಹೋಗೋಣ.

ಒಂದು ಲೀಟರ್ ದ್ರಾವಣ ತಗೊಳ್ಳಿ. ಅದರಲ್ಲಿ 0.1 ಮೋಲ್ ಅಸಿಟಿಕ್ ಆಮ್ಲ, 0.1 ಮೋಲ್ ಸೋಡಿಯಂ ಅಸಿಟೇಟ್ ಇದೆ. ಪಿಎಚ್ ಎಂದರೆ ಬಿಡಿ ಹೈಡ್ರೋಜನ್ ಅಯಾನುಗಳ ಅಳತೆ, ಅವು ಹೆಚ್ಚಾದಷ್ಟೂ ಅಂಕಿ ಇಳಿಯುತ್ತದೆ. ಇದರ ಪಿಎಚ್ 4.74. ಅಂದರೆ ಬಿಡಿಯಾಗಿ ಓಡಾಡುತ್ತಿರುವ ಹೈಡ್ರೋಜನ್ ಅಯಾನುಗಳು 0.000018 ಮೋಲ್ ಮಾತ್ರ. ಈಗ ಇದಕ್ಕೆ 1 ಮೋಲಾರ್ (ಲೀಟರಿಗೆ 1 ಮೋಲ್) ಹೈಡ್ರೋಕ್ಲೋರಿಕ್ ಆಮ್ಲವನ್ನು 10 ಮಿಲಿಲೀಟರ್ ಹಾಕಿ. ನೀವು ಹಾಕಿದ್ದು 0.01 ಮೋಲ್ ಹೈಡ್ರೋಜನ್ ಅಯಾನು. ಮೊದಲೇ ಇದ್ದ ಬಿಡಿ ಅಯಾನುಗಳಿಗೆ ಹೋಲಿಸಿದರೆ ಇದು ಐನೂರು ಪಟ್ಟಿಗಿಂತ ಜಾಸ್ತಿ. ಸಣ್ಣ ಪ್ರಮಾಣವೇನಲ್ಲ.

ಅವು ಬಂದ ಕೂಡಲೇ ಅಸಿಟೇಟ್ ಅಯಾನುಗಳು ಅವನ್ನು ಹಿಡಿದುಕೊಳ್ಳುತ್ತವೆ. ಒಂದು ಅಸಿಟೇಟ್, ಒಂದು ಹೈಡ್ರೋಜನ್ ಅಯಾನು, ಸೇರಿದರೆ ಒಂದು ಅಸಿಟಿಕ್ ಆಮ್ಲದ ಅಣು. ಅಸಿಟೇಟ್ 0.10ರಿಂದ 0.09 ಮೋಲ್‌ಗೆ ಇಳಿಯುತ್ತದೆ. ಅಸಿಟಿಕ್ ಆಮ್ಲ 0.10ರಿಂದ 0.11ಕ್ಕೆ ಏರುತ್ತದೆ. ಬಿಡಿ ಹೈಡ್ರೋಜನ್ ಅಯಾನುಗಳು 0.000018ರಿಂದ 0.000022 ಆಗುತ್ತವೆ. ಅಷ್ಟೇ. ಪಿಎಚ್ 4.65ಕ್ಕೆ ಬಂದು ನಿಲ್ಲುತ್ತದೆ.

ಈ ಲೆಕ್ಕವನ್ನು ಇನ್ನೊಂದು ರೀತಿಯಲ್ಲಿ ಹೇಳುತ್ತೇನೆ, ಯಾಕೆಂದರೆ ಇಡೀ ವಿಷಯ ಇಲ್ಲೇ ಇದೆ. ನೀವು ಹಾಕಿದ ಪ್ರತಿ ಹತ್ತು ಸಾವಿರ ಹೈಡ್ರೋಜನ್ ಅಯಾನುಗಳಲ್ಲಿ ಬಿಡಿಯಾಗಿ ಉಳಿದವು ನಾಲ್ಕು. ಉಳಿದ 9,996 ಅಸಿಟಿಕ್ ಆಮ್ಲದ ಅಣುಗಳಾಗಿ ಕೂತಿವೆ. ಆಮ್ಲ ಮಾಯವಾಗಲಿಲ್ಲ, ಪಾತ್ರೆಯಲ್ಲೇ ಇದೆ. ಬಿಡಿಯಾಗಿ ಓಡಾಡುವುದನ್ನು ಬಿಟ್ಟಿದೆ. ಪಿಎಚ್ ಮೀಟರ್‌ಗೆ ಕಾಣುವುದು ಬಿಡಿ ಅಯಾನುಗಳು ಮಾತ್ರ. ಹಿಡಿದಿಟ್ಟ ಅಯಾನುಗಳು ಅದಕ್ಕೆ ಕಾಣುವುದೇ ಇಲ್ಲ.

ಇದೇ 10 ಮಿಲಿಲೀಟರನ್ನು ಒಂದು ಲೀಟರ್ ಬರಿ ನೀರಿಗೆ ಹಾಕಿದ್ದರೆ ಪಿಎಚ್ 7ರಿಂದ ನೇರವಾಗಿ 2ಕ್ಕೆ ಬೀಳುತ್ತಿತ್ತು. ಅಲ್ಲಿ ಹಿಡಿದಿಡುವವರು ಯಾರೂ ಇಲ್ಲ.

ಪ್ರತ್ಯಾಮ್ಲದ ಕಥೆಯೂ ಹೀಗೇ, ದಿಕ್ಕು ಮಾತ್ರ ಬೇರೆ. 0.01 ಮೋಲ್ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಅದರ ಹೈಡ್ರಾಕ್ಸೈಡ್ ಅಯಾನುಗಳು ಅಸಿಟಿಕ್ ಆಮ್ಲದ ಅಣುಗಳಿಂದ ಹೈಡ್ರೋಜನ್ ಅಯಾನನ್ನು ಕಿತ್ತುಕೊಂಡು ನೀರಾಗುತ್ತವೆ. ಆಮ್ಲ 0.09, ಅಸಿಟೇಟ್ 0.11. ಪಿಎಚ್ 4.83. ನೋಡಿ, ಎರಡೂ ಸಲ ಪಿಎಚ್ ಬದಲಾಗಿದೆ, ಬದಲಾದದ್ದು 0.09ರಷ್ಟು. "ಬದಲಾಗುವುದಿಲ್ಲ" ಎಂದು ಓದಿದ ಕಡೆ "ಬಹಳ ಕಡಿಮೆ ಬದಲಾಗುತ್ತದೆ" ಎಂದು ತಿದ್ದಿಕೊಳ್ಳಿ. ಈ ಒಂದು ತಿದ್ದುಪಡಿ ಮಾಡಿಕೊಂಡರೆ ನಿಮ್ಮ ಅರ್ಧ ಗೊಂದಲ ಹೋಗುತ್ತದೆ.

ಈಗ ಎರಡು ಬಾಟಲಿ ಇಟ್ಟುಕೊಳ್ಳಿ. ಎರಡರಲ್ಲೂ ಒಂದೊಂದು ಲೀಟರ್, ಎರಡರ ಪಿಎಚ್ಚೂ 4.74. ಒಂದರಲ್ಲಿ ನಮ್ಮ ಅಸಿಟೇಟ್ ಬಫರ್. ಇನ್ನೊಂದರಲ್ಲಿ ಬರಿ ಹೈಡ್ರೋಕ್ಲೋರಿಕ್ ಆಮ್ಲ, ತುಂಬಾ ತೆಳುವಾಗಿ, 0.000018 ಮೋಲಾರ್. ಮೀಟರ್ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ. ಎರಡಕ್ಕೂ 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನ ಒಂದೇ ಒಂದು ಹನಿ ಬಿಡಿ. ಹನಿ ಎಂದರೆ ಸುಮಾರು 0.05 ಮಿಲಿಲೀಟರ್. ಬಫರ್ ಅಲುಗಾಡುವುದೂ ಇಲ್ಲ. ಇನ್ನೊಂದು ಬಾಟಲಿಯ ಪಿಎಚ್ ಲೆಕ್ಕದ ಪ್ರಕಾರ 9.5ಕ್ಕೆ ಹಾರುತ್ತದೆ! ಆಮ್ಲೀಯವಾಗಿದ್ದದ್ದು ಒಂದು ಹನಿಗೆ ಕ್ಷಾರೀಯವಾಯಿತು.

ಯಾಕೆ? ಎರಡನೇ ಬಾಟಲಿಯಲ್ಲಿ ಬಿಡಿ ಅಯಾನುಗಳೇ ಇರುವ ಆಸ್ತಿಯೆಲ್ಲ. ಬಫರ್‌ನಲ್ಲಿ ಹಾಗಲ್ಲ. ಒಂದು ಬಿಡಿ ಹೈಡ್ರೋಜನ್ ಅಯಾನಿನ ಹಿಂದೆ ಸುಮಾರು 5,500 ಅಸಿಟಿಕ್ ಆಮ್ಲದ ಅಣುಗಳ ದಾಸ್ತಾನು ಇದೆ, ಅಷ್ಟೇ ಅಸಿಟೇಟ್ ಅಯಾನುಗಳ ದಾಸ್ತಾನೂ ಇದೆ. ಕೊಡುವುದಕ್ಕೂ ಸಿದ್ಧ, ಹಿಡಿಯುವುದಕ್ಕೂ ಸಿದ್ಧ. ಪಿಎಚ್ ಅಂಕಿ ಈ ದಾಸ್ತಾನಿನ ಬಗ್ಗೆ ಒಂದು ಮಾತನ್ನೂ ಹೇಳುವುದಿಲ್ಲ. ಬಫರ್ ಪಾಠದಲ್ಲಿ ನಾವು ಕಲಿಯಬೇಕಾದದ್ದು ದಾಸ್ತಾನಿನ ಲೆಕ್ಕ. ಪಿಎಚ್ ಅದರ ಕೊನೆಯ ಸಾಲು ಅಷ್ಟೇ.

ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಉಪ್ಪಿನ ಜೋಡಿ ಯಾಕೆ ಕೆಲಸ ಮಾಡುವುದಿಲ್ಲ ಎಂಬುದು ಈಗ ಹೊಳೆದಿರಬೇಕು. ಉಪ್ಪಿನಿಂದ ಬರುವುದು ಕ್ಲೋರೈಡ್. ಅದು ನೀರಿನಲ್ಲಿ ಹೈಡ್ರೋಜನ್ ಅಯಾನನ್ನು ಹಿಡಿಯುವುದಿಲ್ಲ. ನೀರಿನ ಅಣುವೇ ಅದಕ್ಕಿಂತ ಗಟ್ಟಿಯಾಗಿ ಹಿಡಿಯುತ್ತದೆ. ಹಾಗಾಗಿ ಎಷ್ಟು ಚಮಚ ಉಪ್ಪು ಸುರಿದರೂ ಹಿಡಿಯುವ ಕಡೆಯ ದಾಸ್ತಾನು ಸೊನ್ನೆ. ಅಸಿಟೇಟ್ ಹಾಗಲ್ಲ, ಅದು ದುರ್ಬಲ ಆಮ್ಲದ ಜೋಡಿ. ಆಮ್ಲ ದುರ್ಬಲ ಎಂದರೆ ಅದು ತನ್ನ ಹೈಡ್ರೋಜನ್ ಅಯಾನನ್ನು ಸುಲಭವಾಗಿ ಬಿಡುವುದಿಲ್ಲ ಎಂದರ್ಥ. ಬಿಟ್ಟುಕೊಡಲು ಇಷ್ಟವಿಲ್ಲದ್ದು, ಸಿಕ್ಕಾಗ ಹಿಡಿದುಕೊಳ್ಳುತ್ತದೆ. "ದುರ್ಬಲ ಆಮ್ಲ ಮತ್ತು ಅದರ ಲವಣ" ಎಂಬ ವ್ಯಾಖ್ಯೆಯನ್ನು ಸುಮ್ನೆ ಉರು ಹೊಡೆಯಬೇಡಿ. ದುರ್ಬಲ ಎಂಬ ಪದದಲ್ಲೇ ಕಾರಣ ಇದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಚುರುಕಾದ ಮಕ್ಕಳು ಕೇಳುತ್ತಾರೆ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಅದೇ 0.01 ಮೋಲ್ ಆಮ್ಲ ಸೇರಿಸಿದರೂ ಪಿಎಚ್ 1ರಿಂದ 0.96ಕ್ಕೆ ಮಾತ್ರ ಇಳಿಯುತ್ತದೆ, ಅದೂ ಬಫರ್ ಅಲ್ವಾ ಎಂದು. ಅಲ್ಲಿ ಪಿಎಚ್ ಹೆಚ್ಚು ಬದಲಾಗದಿರಲು ಕಾರಣ ಬೇರೆ. ಮೊದಲೇ ಬಿಡಿ ಅಯಾನುಗಳು ತುಂಬಿ ತುಳುಕುತ್ತಿವೆ, ಹೊಸದಾಗಿ ಬಂದದ್ದು ಲೆಕ್ಕಕ್ಕೆ ಬರಲಿಲ್ಲ. ವ್ಯತ್ಯಾಸ ಗೊತ್ತಾಗುವುದು ನೀರು ಬೆರೆಸಿದಾಗ. ಅದನ್ನು ಹತ್ತು ಪಟ್ಟು ತೆಳು ಮಾಡಿದರೆ ಪಿಎಚ್ 1ರಿಂದ 2ಕ್ಕೆ ಏರುತ್ತದೆ. ನಮ್ಮ ಅಸಿಟೇಟ್ ಬಫರನ್ನು ಹತ್ತು ಪಟ್ಟು ತೆಳು ಮಾಡಿದರೆ ಪಿಎಚ್ ಹೆಚ್ಚು ಕಡಿಮೆ 4.74ರಲ್ಲೇ ಇರುತ್ತದೆ.

ಇದು ಹೇಗೆಂದು ತಿಳಿಯಲು ಈಗ ಸೂತ್ರ ಬೇಕು. ಆದರೆ ಲಾಗ್ ಇಲ್ಲದ ಸೂತ್ರ. ಅಸಿಟಿಕ್ ಆಮ್ಲದ ಅಯಾನೀಕರಣ ಸ್ಥಿರಾಂಕ ಕೆಎ ನಿಮಗೆ ಗೊತ್ತು, 0.000018. ಅದರ ಸಮೀಕರಣವನ್ನು ಆಚೀಚೆ ಮಾಡಿದರೆ ಸಿಗುವುದು ಇಷ್ಟು:

ಹೈಡ್ರೋಜನ್ ಅಯಾನಿನ ಸಾರತೆ = ಕೆಎ × (ಆಮ್ಲ ÷ ಅಸಿಟೇಟ್)

ಬ್ರ್ಯಾಕೆಟ್ಟಿನೊಳಗೆ ಇರುವುದು ಒಂದು ಅನುಪಾತ. ನೀರು ಬೆರೆಸಿದರೆ ಆಮ್ಲವೂ ತೆಳುವಾಗುತ್ತದೆ, ಅಸಿಟೇಟೂ ಅಷ್ಟೇ ತೆಳುವಾಗುತ್ತದೆ, ಅನುಪಾತ ಹಾಗೇ ಇರುತ್ತದೆ. ಆದ್ದರಿಂದ ಪಿಎಚ್ ಹಾಗೇ ಇರುತ್ತದೆ.

ಚರಿತ್ರೆಯಲ್ಲಿ ನಡೆದದ್ದೂ ಇದೇ ಕ್ರಮದಲ್ಲಿ. ಅಮೆರಿಕದ ಹಾರ್ವರ್ಡ್‌ನಲ್ಲಿದ್ದ ಲಾರೆನ್ಸ್ ಹೆಂಡರ್ಸನ್ 1908ರಲ್ಲಿ ಈ ಸಂಬಂಧವನ್ನು ಬರೆದಾಗ ಅದರಲ್ಲಿ ಲಾಗ್ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಪಿಎಚ್ ಎಂಬ ಅಳತೆಯೇ ಆಗ ಹುಟ್ಟಿರಲಿಲ್ಲ. ಅದನ್ನು ತಂದವರು ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೊರೆನ್ಸನ್, 1909ರಲ್ಲಿ. ಆಮೇಲೆ ಡೆನ್ಮಾರ್ಕಿನವರೇ ಆದ ಹ್ಯಾಸೆಲ್‌ಬಾಲ್ಕ್ ಹೆಂಡರ್ಸನ್‌ರ ಸಂಬಂಧಕ್ಕೆ ಲಾಗ್ ರೂಪ ಕೊಟ್ಟರು. ನೀವು ಬಾಯಿಪಾಠ ಮಾಡಿದ್ದು ಆ ಕೊನೆಯ ರೂಪ: ಪಿಎಚ್ = ಪಿಕೆಎ + ಲಾಗ್ (ಅಸಿಟೇಟ್ ÷ ಆಮ್ಲ). ಪಿಕೆಎ ಎಂದರೆ ಕೆಎಯ ಲಾಗ್ ತೆಗೆದು ಚಿಹ್ನೆ ಬದಲಿಸಿದ್ದು, ಅಸಿಟಿಕ್ ಆಮ್ಲಕ್ಕೆ 4.74. ಅನುಪಾತ ಇಲ್ಲಿ ತಿರುವುಮುರುವು ಆಗಿದೆ, ಗಮನಿಸಿ. ಪರೀಕ್ಷೆಯಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಎಂದು ಮರೆತುಹೋದರೆ ಗಾಬರಿ ಬೇಡ. ಅಸಿಟೇಟ್ ಜಾಸ್ತಿ ಇದ್ದರೆ ಪಿಎಚ್ ಏರಬೇಕು, ಹಾಗಾಗಿ ಅಸಿಟೇಟ್ ಮೇಲೆ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ದಿನವೇ ಲಾಗ್ ಸೂತ್ರವನ್ನು ಬೋರ್ಡಿನ ಮೇಲೆ ಬರೆಯಬಾರದು. ಒಂದು ವಾರ ಅನುಪಾತದಲ್ಲೇ ಲೆಕ್ಕ ಮಾಡಿಸಬೇಕು.

ಈಗ ನಿಮ್ಮ ಲೆಕ್ಕ ಎಲ್ಲಿ ತಪ್ಪುತ್ತಿದೆ ಎಂದು ಊಹಿಸಬಲ್ಲೆ. ತುಂಬಾ ಮಕ್ಕಳು ಹಾಕಿದ 0.01 ಮೋಲ್ ಆಮ್ಲವನ್ನು ನೇರವಾಗಿ ಸೂತ್ರದೊಳಗೆ ತುರುಕಲು ನೋಡುತ್ತಾರೆ. ಇಲ್ಲವೇ ಎರಡು ಪಿಎಚ್ ಅಂಕಿಗಳನ್ನು ಕೂಡಿ ಕಳೆಯುತ್ತಾರೆ. ಬಫರ್ ಲೆಕ್ಕದಲ್ಲಿ ಎರಡು ಹಂತ ಇವೆ, ಅವನ್ನು ಬೆರೆಸಬಾರದು. ಮೊದಲು ಕ್ರಿಯೆ ಪೂರ್ತಿ ನಡೆಯಲು ಬಿಡಿ. ಹೈಡ್ರೋಜನ್ ಅಯಾನನ್ನು ಅಸಿಟೇಟ್ ಹಿಡಿಯುವ ಕ್ರಿಯೆಯ ಸ್ಥಿರಾಂಕ ಕೆಎಯ ತಲೆಕೆಳಗು, ಸುಮಾರು 55,000. ಅಷ್ಟು ದೊಡ್ಡ ಸ್ಥಿರಾಂಕ ಇದ್ದರೆ ಕ್ರಿಯೆ ಮುಗಿಯಿತು ಎಂದೇ ಲೆಕ್ಕ. ಈ ಹಂತದಲ್ಲಿ ಬರಿ ಮೋಲ್‌ಗಳ ಕೂಡಿಸು-ಕಳೆ. ಅದು ಮುಗಿದ ಮೇಲೆ ಉಳಿದ ಆಮ್ಲ, ಉಳಿದ ಅಸಿಟೇಟ್ ಎಷ್ಟು ಎಂದು ನೋಡಿ ಸೂತ್ರಕ್ಕೆ ಹಾಕಿ. ಎರಡೂ ಒಂದೇ ಪಾತ್ರೆಯಲ್ಲಿ ಇರುವುದರಿಂದ ಒಟ್ಟು ಗಾತ್ರ ಅನುಪಾತದಲ್ಲಿ ಹೊಡೆದುಹೋಗುತ್ತದೆ, ಲೀಟರಿಗೆ ಪರಿವರ್ತಿಸುವ ಕೆಲಸವೂ ಉಳಿಯಿತು.

ಮೊದಲ ಹಂತದ ಕೊನೆಗೆ ಅಸಿಟೇಟ್ ಖಾಲಿಯಾಗಿದ್ದರೆ ಎರಡನೇ ಹಂತಕ್ಕೆ ಹೋಗಲೇಬೇಡಿ. ಆಗ ಅದು ಬಫರ್ ಆಗಿ ಉಳಿದಿಲ್ಲ. ತೆಳು ಮಾಡಿದ ಬಫರ್‌ನ ತೊಂದರೆ ಇಲ್ಲೇ ಇರುವುದು. ಹತ್ತು ಪಟ್ಟು ತೆಳು ಮಾಡಿದ ಬಫರ್‌ನ ಒಂದು ಲೀಟರಿನಲ್ಲಿ ಅಸಿಟೇಟ್ ಇರುವುದು 0.01 ಮೋಲ್. ಅದೇ 10 ಮಿಲಿಲೀಟರ್ ಆಮ್ಲ ಹಾಕಿದರೆ ಅಷ್ಟೂ ಖರ್ಚಾಗುತ್ತದೆ. ಉಳಿಯುವುದು 0.02 ಮೋಲಾರ್ ಅಸಿಟಿಕ್ ಆಮ್ಲ ಮಾತ್ರ, ಪಿಎಚ್ 3.2. ಇನ್ನೂ 10 ಮಿಲಿಲೀಟರ್ ಹಾಕಿದರೆ ಬರಿ ನೀರಿಗೆ ಹಾಕಿದಂತೆಯೇ ಪಿಎಚ್ 2ರ ಹತ್ತಿರ ಬರುತ್ತದೆ. ನೀರು ಬೆರೆಸಿದರೆ ಬಫರ್ ಕೆಡುತ್ತದಾ ಎಂಬ ನಿಮ್ಮ ಪ್ರಶ್ನೆಗೆ ಇದೇ ಉತ್ತರ. ಪಿಎಚ್ ಕೆಡುವುದಿಲ್ಲ, ತಡೆಯುವ ಶಕ್ತಿ ಕಡಿಮೆಯಾಗುತ್ತದೆ. ಇದಕ್ಕೆ ಬಫರ್ ಸಾಮರ್ಥ್ಯ ಎನ್ನುತ್ತಾರೆ.

ಸಾಮರ್ಥ್ಯ ಅತಿ ಹೆಚ್ಚು ಇರುವುದು ಆಮ್ಲ, ಅಸಿಟೇಟ್ ಸಮ ಇದ್ದಾಗ, ಅಂದರೆ ಪಿಎಚ್ ಮತ್ತು ಪಿಕೆಎ ಒಂದೇ ಆದಾಗ. ಇದನ್ನು ಕಣ್ಣಾರೆ ನೋಡಲು ಟೈಟ್ರೇಶನ್, ಅಂದರೆ ಆಮ್ಲಕ್ಕೆ ಪ್ರತ್ಯಾಮ್ಲವನ್ನು ಅಳೆದು ಅಳೆದು ಬಿಡುವ ಪ್ರಯೋಗ, ಸಾಕು. ಕೋನಿಕಲ್ ಫ್ಲಾಸ್ಕಿನಲ್ಲಿ 25 ಮಿಲಿಲೀಟರ್ 0.1 ಮೋಲಾರ್ ಅಸಿಟಿಕ್ ಆಮ್ಲ, ಬ್ಯುರೆಟ್ಟಿನಲ್ಲಿ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್. ಬ್ಯುರೆಟ್ 12.5 ಮಿಲಿಲೀಟರ್ ತೋರಿಸುವಾಗ ಅರ್ಧ ಆಮ್ಲ ಅಸಿಟೇಟ್ ಆಗಿರುತ್ತದೆ. ನಿಮಗೆ ಗೊತ್ತಿಲ್ಲದಂತೆ ಫ್ಲಾಸ್ಕಿನಲ್ಲಿ ಬಫರ್ ತಯಾರಾಗಿದೆ. 12ರಿಂದ 13ಕ್ಕೆ ಹೋಗುವಾಗ ಪಿಎಚ್ ಏರುವುದು 0.07. ಈಗ ಕೊನೆಯ ಭಾಗ ನೋಡಿ. 24 ಮಿಲಿಲೀಟರಿನಲ್ಲಿ ಪಿಎಚ್ 6.1, 25ರಲ್ಲಿ 8.7, 26ರಲ್ಲಿ 11.3. ಅಸಿಟಿಕ್ ಆಮ್ಲದ ದಾಸ್ತಾನು ಮುಗಿಯುತ್ತಿದ್ದಂತೆ ಪಿಎಚ್ ಜಿಗಿಯುತ್ತದೆ. ಫಿನಾಲ್ಫ್ತಲೀನ್ ಎಂಬ ಸೂಚಕ ಗುಲಾಬಿ ಆಗುವುದು ಈ ಜಿಗಿತದಲ್ಲೇ. ಎಲ್ಲರ ಕಣ್ಣೂ ಆ ಗುಲಾಬಿ ಬಣ್ಣದ ಮೇಲೆ ಇರುತ್ತದೆ. ನಡುವಿನ ಸಪ್ಪೆ ಭಾಗದಲ್ಲಿ, ಏನೂ ಆಗುತ್ತಿಲ್ಲ ಎಂದು ಕಾಣುವಲ್ಲಿ, ಬಫರ್ ಕೆಲಸ ಮಾಡುತ್ತಿರುತ್ತದೆ.

ಅನುಪಾತ ಹತ್ತಕ್ಕೆ ಒಂದರ ಆಚೆ ಹೋದರೆ ಬಫರ್ ದುರ್ಬಲವಾಗುತ್ತದೆ. ಹಾಗಾಗಿ ಪಿಕೆಎಗಿಂತ ಒಂದು ಹೆಚ್ಚು, ಒಂದು ಕಡಿಮೆ, ಅಷ್ಟೇ ಅದರ ಸರಹದ್ದು. ಅಸಿಟೇಟ್ ಬಫರ್ ಸುಮಾರು 3.7ರಿಂದ 5.7ರವರೆಗೆ ಸರಿ. ಪಿಎಚ್ 7ರ ಆಸುಪಾಸು ಬೇಕಿದ್ದರೆ ಫಾಸ್ಫೇಟ್, ಅದರ ಎರಡನೇ ಪಿಕೆಎ 7.2. ಒಂಬತ್ತರ ಹತ್ತಿರ ಬೇಕಿದ್ದರೆ ಅಮೋನಿಯಾ ಮತ್ತು ಅಮೋನಿಯಂ ಕ್ಲೋರೈಡ್, 9.25. ಬಫರ್ ಎಂದರೆ ಪಿಎಚ್ 7 ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಲ್ಯಾಬಿನಲ್ಲಿ ಬಫರ್ ಮಾಡುವ ಅವಕಾಶ ಸಿಕ್ಕರೆ ಒಂದು ಎಚ್ಚರಿಕೆ. ಸೋಡಿಯಂ ಅಸಿಟೇಟ್ ಎರಡು ರೂಪದಲ್ಲಿ ಬರುತ್ತದೆ. ನೀರಿಲ್ಲದ್ದರ ಮೋಲಾರ್ ರಾಶಿ 82, ಮೂರು ನೀರಿನ ಅಣು ಸೇರಿರುವ ಹರಳಿನದು 136. 0.1 ಮೋಲ್ ಬೇಕೆಂದರೆ ಮೊದಲನೆಯದು 8.2 ಗ್ರಾಂ, ಎರಡನೆಯದು 13.6 ಗ್ರಾಂ. ಬಾಟಲಿಯ ಲೇಬಲ್ ಓದದೆ ಹರಳಿನದನ್ನೇ 8.2 ಗ್ರಾಂ ತೂಗಿ ಹಾಕಿದರೆ ಅಸಿಟೇಟ್ 0.06 ಮೋಲ್ ಮಾತ್ರ ಆಗುತ್ತದೆ, ಪಿಎಚ್ 4.74ರ ಬದಲು 4.52 ಬರುತ್ತದೆ. ಮೀಟರ್ ಕೆಟ್ಟಿದೆ ಎಂದು ಅದರ ಮೇಲೆ ಅನುಮಾನ ಪಡುವ ಮೊದಲು ಲೇಬಲ್ ನೋಡಿ.

ಸೂತ್ರ ಹುಟ್ಟಿದ್ದೇ ರಕ್ತದ ಅಧ್ಯಯನದಿಂದ, ಹಾಗಾಗಿ ರಕ್ತದ ಬಗ್ಗೆ ಹೇಳದೆ ಮುಗಿಸಲಾರೆ. ಆರೋಗ್ಯವಂತರ ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರುತ್ತದೆ. ಒಂದು ಲೀಟರ್ ಪ್ಲಾಸ್ಮಾದಲ್ಲಿ ಬೈಕಾರ್ಬನೇಟ್ ಸುಮಾರು 24 ಮಿಲಿಮೋಲ್, ಕರಗಿದ ಕಾರ್ಬನ್ ಡೈಆಕ್ಸೈಡ್ 1.2 ಮಿಲಿಮೋಲ್. ಅನುಪಾತ 20. ಈ ಜೋಡಿಯ ಪಿಕೆಎ 6.1. ಇಪ್ಪತ್ತರ ಲಾಗ್ 1.3. ಕೂಡಿದರೆ 7.4.

ಈಗ ನೀವೇ ತಡೆದು ಕೇಳಬೇಕು. ಪಿಕೆಎ 6.1, ಬೇಕಾದ ಪಿಎಚ್ 7.4. ಒಂದರ ಸರಹದ್ದು ದಾಟಿದೆ. ಇದು ಒಳ್ಳೆಯ ಬಫರ್ ಹೇಗಾಯಿತು? ಮುಚ್ಚಿದ ಬಾಟಲಿಯಲ್ಲಿ ಇದ್ದಿದ್ದರೆ ಖಂಡಿತ ಒಳ್ಳೆಯದಲ್ಲ. ಲೆಕ್ಕ ಮಾಡಿ. ಲೀಟರಿಗೆ 10 ಮಿಲಿಮೋಲ್ ಆಮ್ಲ ಬಂತು ಎನ್ನಿ. ಬೈಕಾರ್ಬನೇಟ್ 14ಕ್ಕೆ ಇಳಿಯುತ್ತದೆ, ಕಾರ್ಬನ್ ಡೈಆಕ್ಸೈಡ್ 11.2ಕ್ಕೆ ಏರುತ್ತದೆ, ಪಿಎಚ್ 6.2. ಆ ಸ್ಥಿತಿಯಲ್ಲಿ ಮನುಷ್ಯ ಬದುಕುವುದಿಲ್ಲ. ಆದರೆ ದೇಹ ಮುಚ್ಚಿದ ಬಾಟಲಿ ಅಲ್ಲ. ಹೆಚ್ಚಾದ ಕಾರ್ಬನ್ ಡೈಆಕ್ಸೈಡನ್ನು ಶ್ವಾಸಕೋಶ ಹೊರಗೆ ಹಾಕುತ್ತದೆ. ಅದು 1.2ರಲ್ಲೇ ಉಳಿದರೆ ಅನುಪಾತ 14ಕ್ಕೆ 1.2, ಪಿಎಚ್ 7.17. ಉಸಿರಾಟ ಇನ್ನೂ ಜೋರಾಗಿ ಅದು 0.87ಕ್ಕೆ ಇಳಿದರೆ ಪಿಎಚ್ 7.3. ಹಿಮೋಗ್ಲೋಬಿನ್ ಮತ್ತು ಪ್ರೋಟೀನುಗಳ ಸಹಾಯವನ್ನು ನಾನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋಗಿ ರಕ್ತದಲ್ಲಿ ಕೀಟೋ ಆಮ್ಲಗಳು ಸೇರಿದಾಗ ರೋಗಿ ಆಳವಾಗಿ, ಜೋರಾಗಿ ಉಸಿರಾಡುತ್ತಾರೆ. ದೇಹ ಆಗ ಈ ಅನುಪಾತವನ್ನು ಸರಿಪಡಿಸಲು ಒದ್ದಾಡುತ್ತಿರುತ್ತದೆ. ಖರ್ಚಾದ ಬೈಕಾರ್ಬನೇಟನ್ನು ಮತ್ತೆ ತುಂಬಿಕೊಡುವುದು ಮೂತ್ರಪಿಂಡದ ಕೆಲಸ, ಅದು ನಿಧಾನ.

ಇಷ್ಟು ಓದಿದ ಮೇಲೆ ಒಂದು ಪ್ರಯೋಗ ಮಾಡದಿದ್ದರೆ ಹೇಗೆ? ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರ್, ಅಡುಗೆ ಸೋಡಾ, ನಿಂಬೆಹಣ್ಣು, ಒಂದು ಪುಸ್ತಕ ಪಿಎಚ್ ಪೇಪರ್ ತನ್ನಿ. ಲಿಟ್ಮಸ್ ಇಲ್ಲಿ ಸಾಲದು, ಅದು ಆಮ್ಲವೋ ಅಲ್ಲವೋ ಎಂದಷ್ಟೇ ಹೇಳುತ್ತದೆ. ವಿನೆಗರ್ ಬಾಟಲಿಯ ಮೇಲೆ ಶೇ. 4 ಅಸಿಟಿಕ್ ಆಮ್ಲ ಎಂದಿದ್ದರೆ 100 ಮಿಲಿಲೀಟರಿನಲ್ಲಿ ಸುಮಾರು 0.067 ಮೋಲ್ ಆಮ್ಲ ಇದೆ. ಅದರಲ್ಲಿ ಅರ್ಧವನ್ನು ಅಸಿಟೇಟ್ ಮಾಡಲು 2.8 ಗ್ರಾಂ ಅಡುಗೆ ಸೋಡಾ ಸಾಕು, ಅಂದರೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಜಾಸ್ತಿ. ದೊಡ್ಡ ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ನೊರೆ ಉಕ್ಕುತ್ತದೆ. ನೊರೆ ನಿಂತ ಮೇಲೆ ಚೆನ್ನಾಗಿ ಕಲಕಿ ಪೇಪರ್ ಅದ್ದಿದರೆ ಐದರ ಹತ್ತಿರದ ಬಣ್ಣ ಬರಬೇಕು. ಇನ್ನೊಂದು ಲೋಟದಲ್ಲಿ 100 ಮಿಲಿಲೀಟರ್ ಫಿಲ್ಟರ್ ನೀರು ಇಡಿ. ಎರಡಕ್ಕೂ ಒಂದೊಂದು ಟೀ ಚಮಚ ನಿಂಬೆರಸ ಹಿಂಡಿ ಮತ್ತೆ ಪೇಪರ್ ಅದ್ದಿ. ನೀರು ಎರಡು-ಮೂರರ ಬಣ್ಣಕ್ಕೆ ಇಳಿದಿರುತ್ತದೆ, ಬಫರ್‌ನ ಬಣ್ಣದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆಮೇಲೆ ಬಫರ್ ಲೋಟಕ್ಕೆ ಮಾತ್ರ ಚಮಚದ ಮೇಲೆ ಚಮಚ ನಿಂಬೆರಸ ಹಾಕುತ್ತಾ ಹೋಗಿ, ಪ್ರತಿ ಸಲವೂ ಬಣ್ಣ ನೋಡಿ ಬರೆದಿಟ್ಟುಕೊಳ್ಳಿ. ಎಷ್ಟನೇ ಚಮಚಕ್ಕೆ ಬಣ್ಣ ಬದಲಾಗಲು ಶುರುವಾಯಿತು ಎಂಬುದು ಸಿಕ್ಕರೆ, ಅದೇ ಪ್ರಯೋಗವನ್ನು ಹತ್ತು ಪಟ್ಟು ತೆಳು ಮಾಡಿದ ಬಫರ್‌ನಲ್ಲಿ ಮಾಡಿ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ.